ಶಂಕರ ಪುರುಷೋತ್ತಮ ಆಘಾರಕರ್: ಒಬ್ಬ ಸಸ್ಯವಿಜ್ಞಾನಿಯ ಜೀವನಸಾಧನೆ

ಭಾರತದಲ್ಲಿ ಆಧುನಿಕ ಸಸ್ಯವಿಜ್ಞಾನದ ಅಧ್ಯಯನಕ್ಕೆ ತಳಹದಿ ಹಾಕಿದ ಮೊದಲ ತಲೆಮಾರಿನ ವಿದ್ವಾಂಸರಲ್ಲಿ ಶಂಕರ ಪುರುಷೋತ್ತಮ ಆಘಾರಕರ್ ಅವರು ಪ್ರಮುಖರು. ಅವರು 1884ರ ನವೆಂಬರ್ 18ರಂದು ಕೊಂಕಣ ತೀರದ ಮಾಲವಣದಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪ್ರಕೃತಿವಿಜ್ಞಾನವನ್ನು ವ್ಯಾಸಂಗ ಮಾಡಿ 1909ರಲ್ಲಿ ಎಂ.ಎ. ಪದವಿ ಪಡೆದರು, ಅದೇ ಕಾಲೇಜಿನಲ್ಲಿ ಅಧ್ಯಾಪಕರೂ ಆದರು. ಅಲ್ಲಿಂದ ಕಲ್ಕತ್ತೆಗೆ, ಬರ್ಲಿನ್ನಿಗೆ, ಕೊನೆಗೆ ಪುಣೆಗೆ ಸಾಗಿದ ಅವರ ಬದುಕು ವಿದ್ಯೆಯನ್ನು ಸಂಪಾದಿಸಿದ ಕಥೆಯಷ್ಟೇ ಅಲ್ಲ, ಸಂಪಾದಿಸಿದ್ದನ್ನು ಮರಳಿ ಸಮಾಜಕ್ಕೆ ಒಪ್ಪಿಸಿದ ಕಥೆಯೂ ಹೌದು.

ಸಸ್ಯವಿಜ್ಞಾನಿಯೆಂದು ಪ್ರಸಿದ್ಧರಾದ ಆಘಾರಕರರಿಗೆ ಮೊದಲ ಕೀರ್ತಿ ತಂದದ್ದು ಒಂದು ಜಲಚರ. ಕನ್ನಡ ನಾಡಿನ ಉತ್ತರ ಭಾಗದ ಜೀವನದಿಯಾದ ಕೃಷ್ಣೆಗೆ ಸಾತಾರಾ ಜಿಲ್ಲೆಯ ಘಟ್ಟಗಳಲ್ಲಿ ಬಂದು ಸೇರುವ ಉಪನದಿಯೊಂದರಲ್ಲಿ ಅವರು ಸಿಹಿನೀರಿನ ಲೋಳೆಮೀನನ್ನು ಕಂಡರು. ಲೋಳೆಮೀನುಗಳು ಬಹುಮಟ್ಟಿಗೆ ಸಮುದ್ರವಾಸಿಗಳು. ಈ ಕುಲದ ಸಿಹಿನೀರಿನ ಜೀವಿಗಳು ಅಂದಿನವರೆಗೆ ಆಫ್ರಿಕದಲ್ಲಿ, ಟಾಂಗನಿಕಾ ಸರೋವರವೇ ಮೊದಲಾದ ಕಡೆ ಮಾತ್ರ ಕಂಡುಬಂದಿದ್ದವು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಪ್ರಾಣಿವಿಜ್ಞಾನಿ ನೆಲ್ಸನ್ ಆನಂಡೇಲ್ ಅವರು ಇದನ್ನು ಹೊಸ ಪ್ರಭೇದವೆಂದು ವರ್ಣಿಸಿ ಲಿಮ್ನೊಕ್ನೀಡ ಇಂಡಿಕ ಎಂದು ಹೆಸರಿಟ್ಟರು. ಆಫ್ರಿಕದ ಜೀವಿಯ ನಂಟನೊಂದು ಸಹ್ಯಾದ್ರಿಗೆ ಬಂದುದೆಂತು? ಜೀವಿಗಳ ಹರಹಿಗೆ ಸಂಬಂಧಿಸಿದ ಇಂಥ ಪ್ರಶ್ನೆಯೇ ಮುಂದೆ ಅವರ ಸಸ್ಯಾಧ್ಯಯನದಲ್ಲೂ ಪ್ರಧಾನವಾಯಿತು.

1913ರಲ್ಲಿ ನ್ಯಾಯವಾದಿ ರಾಸಬಿಹಾರಿ ಘೋಷರು ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಹತ್ತು ಲಕ್ಷ ರೂಪಾಯಿಗಳ ದತ್ತಿಯನ್ನು ನೀಡಿದರು. ಅದರಿಂದ ಸ್ಥಾಪಿತವಾದ ಪೀಠಗಳು ಭಾರತೀಯರಿಗೇ ಮೀಸಲಾಗಿದ್ದವು. ಕುಲಪತಿ ಆಶುತೋಷ ಮುಖರ್ಜಿಯವರ ಕಾಲದ ಈ ಯೋಜನೆಯಲ್ಲಿ ಸಸ್ಯವಿಜ್ಞಾನದ ಪೀಠಕ್ಕೆ ಆಘಾರಕರರು ಆಯ್ಕೆಯಾದರು. ಉನ್ನತ ವ್ಯಾಸಂಗಕ್ಕಾಗಿ 1914ರಲ್ಲಿ ಜರ್ಮನಿಗೆ ತೆರಳಿದರು. ಅಷ್ಟರಲ್ಲಿಯೇ ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಯಾದ ಕಾರಣ ಅವರು ಶತ್ರುದೇಶದವರೆಂದು ಪರಿಗಣಿತರಾಗಿ ಬಂಧನಕ್ಕೆ ಒಳಗಾಗಬೇಕಾಯಿತು. ತಮ್ಮನ್ನು ಆಳುವವರ ಯುದ್ಧಕ್ಕಾಗಿ ತಾವು ಸೆರೆಯಾಳಾಗುವ ವಿಚಿತ್ರ ಸನ್ನಿವೇಶವದು. ಆದರೂ ಅವರು ಅಧ್ಯಯನವನ್ನು ಕೈಬಿಡಲಿಲ್ಲ. ಸಸ್ಯವರ್ಗೀಕರಣದ ಮಹಾವಿದ್ವಾಂಸ ಅಡಾಲ್ಫ್ ಎಂಗ್ಲರ್ ಅವರ ಮಾರ್ಗದರ್ಶನದಲ್ಲಿ ಬರ್ಲಿನ್ನಿನಲ್ಲಿ ಸಂಶೋಧನೆ ಪೂರೈಸಿ 1919ರಲ್ಲಿ ಡಾಕ್ಟರೇಟ್ ಪಡೆದರು.

ವಾಯವ್ಯ ಭಾರತದ ಮರುಸಸ್ಯ, ಅರೆಮರುಸಸ್ಯ ಹಾಗೂ ಲವಣಸಸ್ಯಗಳ ಪ್ರಸರಣ ಮತ್ತು ಮೂಲ, ಇದು ಆ ಪ್ರಬಂಧದ ವಸ್ತು. ಜರ್ಮನ್ ಭಾಷೆಯಲ್ಲಿ ರಚಿತವಾದ ಅದು 1920ರಲ್ಲಿ ಪ್ರಕಟವಾಯಿತು. ಈ ವಸ್ತುವಿನ ಮಹತ್ವ ತಿಳಿಯಬೇಕಾದರೆ ಎಲೆಯ ಧರ್ಮವನ್ನು ಅರಿಯಬೇಕು. ಎಲೆ ಸಸ್ಯದ ಅಡುಗೆಮನೆ. ಅದರ ಹರಿತ್ತು ಬೆಳಕನ್ನು ಹೀರಿ, ಗಾಳಿಯ ಇಂಗಾಲಾಮ್ಲವನ್ನೂ ಬೇರು ತಂದ ನೀರನ್ನೂ ಕೂಡಿಸಿ ಆಹಾರ ಸಿದ್ಧಪಡಿಸುತ್ತದೆ. ಇಂಗಾಲಾಮ್ಲ ಒಳಬರಲು ಪತ್ರರಂಧ್ರಗಳು ತೆರೆಯಲೇಬೇಕು. ತೆರೆದರೆ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಮಲೆನಾಡಿನ ಗಿಡಕ್ಕೆ ಈ ವೆಚ್ಚ ಹೊರೆಯಲ್ಲ. ಮರುಭೂಮಿಯ ಗಿಡಕ್ಕೆ ಅದು ಅಳಿವು ಉಳಿವಿನ ಪ್ರಶ್ನೆ.

ಆದುದರಿಂದ ಅಲ್ಲಿನ ಸಸ್ಯಗಳು ಎಲೆಯನ್ನೇ ಮಾರ್ಪಡಿಸಿಕೊಂಡಿವೆ. ಎಕ್ಕದ ಎಲೆಗೆ ಮೇಣದ ಲೇಪವಿದೆ. ನಮ್ಮವರು ವಿಜಯದಶಮಿಯಂದು ಪೂಜಿಸುವ ಬನ್ನಿಯ ಎಲೆ ಕಿರುದಳಗಳಾಗಿ ಸೀಳಿದೆ. ರಾಜಸ್ಥಾನದ ಕೈರ್ ಎಂಬ ಪೊದೆಯಲ್ಲಿ ಎಲೆಗಳು ಎಳೆಯ ಚಿಗುರಿನಲ್ಲಿ ಮಾತ್ರ ತೋರಿ ಬೇಗನೆ ಉದುರುತ್ತವೆ. ಆಹಾರ ತಯಾರಿಕೆಯ ಕೆಲಸವನ್ನು ಹಸಿರು ಕಾಂಡ ವಹಿಸಿಕೊಳ್ಳುತ್ತದೆ. ಉಪ್ಪುನೆಲದ ಕೆಲವು ಗಿಡಗಳು ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಡುತ್ತವೆ. ಮತ್ತೆ ಕೆಲವು ಹೆಚ್ಚಿನ ಉಪ್ಪನ್ನು ಎಲೆಯ ಗ್ರಂಥಿಗಳ ಮೂಲಕ ಹೊರಹಾಕುತ್ತವೆ. ಹೀಗೆ ಬರದ ಬದುಕಿಗೆ ಒಗ್ಗಿದ ಸಸ್ಯಗಳ ಬೀಜಗಳನ್ನು ಗಾಳಿ, ನೀರು, ಪ್ರಾಣಿಗಳು ಹೇಗೆ ಹರಡಿದವು, ಅವುಗಳ ಮೂಲ ನೆಲೆ ಯಾವುದು ಎಂಬುದನ್ನು ಆಘಾರಕರರು ಶೋಧಿಸಿದರು.

ಸ್ವದೇಶಕ್ಕೆ ಮರಳಿದ ಮೇಲೆ ಅವರು ಘೋಷ್ ಪ್ರಾಧ್ಯಾಪಕರಾಗಿ 1946ರವರೆಗೆ ಕಲ್ಕತ್ತೆಯಲ್ಲಿ ಸೇವೆ ಸಲ್ಲಿಸಿದರು. ಮರುಭೂಮಿಯ ಎಲೆಯನ್ನು ಅರಿತವರಿಗೆ ಬಂಗಾಳದಲ್ಲಿ ಎದುರಾದದ್ದು ಅದಕ್ಕೆ ತದ್ವಿರುದ್ಧವಾದ ಸಸ್ಯ. ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್ ಎಂಬ ನೀರ್ಕಳೆಯ ಎಲೆತೊಟ್ಟು ಗಾಳಿಗೂಡುಗಳಿಂದ ಉಬ್ಬಿ ತೆಪ್ಪದಂತೆ ತೇಲಿಸುತ್ತದೆ. ಅದು ನದಿ ಕಾಲುವೆಗಳನ್ನು ಮುಚ್ಚಿ ದೋಣಿಯ ಸಂಚಾರಕ್ಕೂ ಭತ್ತದ ಬೇಸಾಯಕ್ಕೂ ಕಂಟಕವಾಗಿತ್ತು. ಈ ಕಳೆಗೆ ರೋಗ ತರುವ ಶಿಲೀಂಧ್ರವೊಂದನ್ನು ಕುರಿತು ಆಘಾರಕರರು ಸಹೋದ್ಯೋಗಿಯೊಡನೆ ವರದಿ ಮಾಡಿದರು. ಬಾಳೆಯ ಜಾತಿಗಳ ವರ್ಣತಂತುಗಳ ಸಂಖ್ಯೆಯನ್ನು ಕುರಿತೂ ಸಂಶೋಧನೆ ನಡೆಸಿದರು. ಶುದ್ಧ ವಿಜ್ಞಾನ ಮತ್ತು ಜನೋಪಯೋಗಿ ವಿಜ್ಞಾನಗಳ ನಡುವೆ ಅವರು ಗೋಡೆ ಕಟ್ಟಲಿಲ್ಲ.

ನಿವೃತ್ತಿ ಹೊಂದಿದಾಗ ಅವರಿಗೆ ಅರವತ್ತು ದಾಟಿತ್ತು. ವಿಶ್ರಾಂತಿ ಬಯಸಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಅವರಾದರೋ ಪುಣೆಯಲ್ಲಿ ಹೊಸದೊಂದು ಹೊಣೆಗೆ ಹೆಗಲು ಕೊಟ್ಟರು. 1876ರಲ್ಲಿ ಮಹೇಂದ್ರಲಾಲ್ ಸರ್ಕಾರರು ಕಲ್ಕತ್ತೆಯಲ್ಲಿ ಸ್ಥಾಪಿಸಿದ ವಿಜ್ಞಾನ ಸಂಘದ ಮಾದರಿಯಲ್ಲಿ 1946ರಲ್ಲಿ ಮಹಾರಾಷ್ಟ್ರ ವಿಜ್ಞಾನವರ್ಧಿನಿ ಜನ್ಮತಾಳಿತು. ಆಘಾರಕರರು ಅದರ ಸ್ಥಾಪಕ ನಿರ್ದೇಶಕರಾದರು. ಸರ್ಕಾರದ ಇಲಾಖೆಯಾಗಿ ಹುಟ್ಟದೆ ವಿದ್ವಾಂಸರ ಸಂಘವಾಗಿ ಹುಟ್ಟಿದ ಸಂಸ್ಥೆಯನ್ನು ಉಳಿಸಿ ಬೆಳೆಸುವುದು ಸುಲಭದ ಕೆಲಸವಲ್ಲ. ಕೊನೆಯುಸಿರಿನವರೆಗೂ ಅವರು ಅದಕ್ಕಾಗಿ ದುಡಿದರು. ತಮ್ಮ ಆಸ್ತಿಯನ್ನೂ ಅದಕ್ಕೇ ಅರ್ಪಿಸಿದರು. ದತ್ತಿಯೊಂದರ ಬಲದಿಂದ ಪ್ರಾಧ್ಯಾಪಕರಾದವರು ತಾವೇ ದತ್ತಿಯನ್ನಿತ್ತು ಆ ಋಣವನ್ನು ಸಲ್ಲಿಸಿದಂತಾಯಿತು. 1960ರ ಸೆಪ್ಟೆಂಬರ್ 2ರಂದು ಅವರು ನಿಧನ ಹೊಂದಿದರು.

1992ರಲ್ಲಿ ಈ ಸಂಸ್ಥೆಗೆ ಆಘಾರಕರ್ ಸಂಶೋಧನ ಸಂಸ್ಥೆಯೆಂದು ನಾಮಕರಣವಾಯಿತು. ಸಂಸ್ಥೆ ಇರುವ ರಸ್ತೆಗೆ ಸಮಾಜಸುಧಾರಕ ಗೋಪಾಳ ಗಣೇಶ ಆಗರಕರರ ಹೆಸರಿರುವುದರಿಂದ ಇಬ್ಬರನ್ನೂ ಒಬ್ಬರೆಂದು ಭಾವಿಸುವವರುಂಟು. ಅವರು ಬೇರೆ, ಇವರು ಬೇರೆ. ಅಲ್ಲಿನ ಸಸ್ಯಸಂಗ್ರಹಾಲಯದಲ್ಲಿ ಸಹ್ಯಾದ್ರಿಯ ಸಸ್ಯಗಳ ಒಣಗಿಸಿದ ಮಾದರಿಗಳು ಹಾಳೆಗಳ ಮೇಲೆ ಸುರಕ್ಷಿತವಾಗಿವೆ. ಸಂಸ್ಥೆ ರೂಪಿಸಿದ ಗೋದಿ ಮತ್ತು ಸೋಯಾ ಅವರೆಯ ತಳಿಗಳು ರೈತರ ಹೊಲಗಳನ್ನು ತಲುಪಿವೆ. ಸೆರೆಯಲ್ಲೂ ಕೆಡದ ವಿದ್ಯಾನಿಷ್ಠೆ, ನಿವೃತ್ತಿಯಲ್ಲೂ ಕುಂದದ ಕಾರ್ಯೋತ್ಸಾಹ, ಗಳಿಸಿದ್ದನ್ನು ಮುಂದಿನವರಿಗೆ ಬಿಟ್ಟುಕೊಡುವ ಔದಾರ್ಯ, ಇವು ಯಾವ ವಿದ್ಯಾಶಾಖೆಯ ಅಧ್ಯಯನಾರ್ಥಿಗೂ ಅನುಸರಣೀಯವಾದ ಗುಣಗಳಾಗಿವೆ.