ದೇವರ ಸೇವಕ ಅಬ್ದುಲ್ ಗಫಾರ್ ಖಾನ್

ದಾನವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಹಣ, ಇಲ್ಲವೆ ಧಾನ್ಯ. ಇಸ್ಲಾಂ ಧರ್ಮದಲ್ಲಿ ಉಳ್ಳವರು ಕೂಡಿಟ್ಟ ಸಂಪತ್ತಿನ ನಲವತ್ತನೆಯ ಒಂದು ಪಾಲನ್ನು ವರ್ಷಕ್ಕೊಮ್ಮೆ ಜಕಾತ್ ಎಂದು ಕೊಡಬೇಕು. ಆದರೆ ಸದಕಾ ಎಂಬ ಮಾತಿನ ಹರವು ಇದಕ್ಕಿಂತ ದೊಡ್ಡದು. ದಾರಿಯ ಮುಳ್ಳನ್ನು ತೆಗೆದು ಹಾಕುವುದು, ದಾರಿ ತಪ್ಪಿದವನಿಗೆ ದಾರಿ ತೋರುವುದು, ಇನ್ನೊಬ್ಬನ ಹೊರೆಗೆ ಕೈಕೊಡುವುದು, ನಗುಮುಖದಿಂದ ಮಾತನಾಡಿಸುವುದು ಇವೆಲ್ಲವೂ ಸದಕಾ ಎಂದು ಪೈಗಂಬರರು ಕಲಿಸಿದುದಾಗಿ ಹದೀಸುಗಳು ತಿಳಿಸುತ್ತವೆ. ಅಷ್ಟೇ ಅಲ್ಲ, ಪೆಟ್ಟಿಗೆ ಪೆಟ್ಟು ಕೊಡುವ ಹಕ್ಕಿದ್ದೂ ಅದನ್ನು ಬಿಟ್ಟುಕೊಟ್ಟವನ ಕ್ಷಮೆಯನ್ನು ಕುರಾನು ದಾನವೆಂದೇ ಎಣಿಸುತ್ತದೆ. ಈ ಕೊನೆಯ ದಾನವು ಅತಿ ಕಠಿಣವಾಗಿದ್ದ ನಾಡಿನಲ್ಲಿ, ಬಡವರ ಕೈಯಿಂದಲೇ ಅದನ್ನು ಕೊಡಿಸಿದ ಮಹನೀಯರು ಗಡಿನಾಡ ಗಾಂಧಿ ಅಬ್ದುಲ್ ಗಫಾರ್ ಖಾನರು.

ಪೇಶಾವರದ ಸಮೀಪದ ಉತ್ಮಾನ್‌ಜೈ ಎಂಬ ಹಳ್ಳಿಯಲ್ಲಿ 1890ರಲ್ಲಿ ಅವರ ಜನನ. ತಂದೆ ಬೆಹ್ರಾಮ್ ಖಾನರು ಜಮೀನ್ದಾರರು. ಪಠಾಣರಲ್ಲಿ ಸೇಡು ತೀರಿಸುವುದು ಮನೆತನದ ಮರ್ಯಾದೆಯ ಪ್ರಶ್ನೆ. ಅಜ್ಜನ ಕೊಲೆಗೆ ಮೊಮ್ಮಗ ಉತ್ತರ ಕೊಡುತ್ತಿದ್ದ ಕಾಲವದು. ಅಂಥಲ್ಲಿ ಬೆಹ್ರಾಮ್ ಖಾನರು ತಮ್ಮ ವೈರಿಗಳನ್ನೆಲ್ಲ ಕ್ಷಮಿಸಿ ನಿರಾತಂಕವಾಗಿ ಬಾಳಿದರು. ಮಗನಿಗೆ ದೊರೆತ ನಿಜವಾದ ಪಿತ್ರಾರ್ಜಿತ ಇದೇ ಎನ್ನಬೇಕು.

ಪೇಶಾವರದ ಮಿಷನ್ ಶಾಲೆಯಲ್ಲಿ ಓದಿದ ಗಫಾರ್ ಖಾನರಿಗೆ ಆಂಗ್ಲರ ಸೇನೆಯಲ್ಲಿ ಗೌರವದ ಹುದ್ದೆ ಕಾದಿತ್ತು. ಅಲ್ಲಿದ್ದ ಪಠಾಣ ಗೆಳೆಯನೊಬ್ಬನಿಗೆ ಆಂಗ್ಲ ಅಧಿಕಾರಿಯಿಂದ ಆದ ಅಪಮಾನವನ್ನು ಕಣ್ಣಾರೆ ಕಂಡು ಆ ಆಸೆಯನ್ನು ತೊರೆದರು. ಅಣ್ಣನಂತೆ ಇಂಗ್ಲೆಂಡಿಗೆ ಹೋಗಿ ಓದೋಣವೆಂದರೆ ತಾಯಿ ಒಪ್ಪಲಿಲ್ಲ. ಆಗ ತಮ್ಮ ಜನರ ಅಜ್ಞಾನವನ್ನು ನೀಗಿಸುವ ಕೆಲಸಕ್ಕೇ ಕೈಹಾಕಿ, 1910ರಲ್ಲಿ ತಮ್ಮ ಹಳ್ಳಿಯಲ್ಲಿ ಶಾಲೆಯೊಂದನ್ನು ತೆರೆದರು. 1921ರಲ್ಲಿ ಇನ್ನೊಂದು ಸ್ವತಂತ್ರ ಶಾಲೆ ಹುಟ್ಟಿತು. ಆ ವರ್ಷದ ಕೊನೆಯಲ್ಲೇ ಅವರಿಗೆ ಮೂರು ವರ್ಷದ ಸೆರೆವಾಸವಾಯಿತು. ಜಮೀನ್ದಾರನ ಮಗ ಕಾಲಿಗೆ ಬೇಡಿ ತೊಟ್ಟು ಸೆರೆಮನೆಯಲ್ಲಿ ಬೀಸುವ ಕಲ್ಲು ತಿರುಗಿಸಿದನು.

1929ರಲ್ಲಿ ಅವರು ಖುದಾಯಿ ಖಿದ್ಮತ್ಗಾರ್, ಎಂದರೆ ದೇವರ ಸೇವಕರು, ಎಂಬ ಸಂಘವನ್ನು ಕಟ್ಟಿದರು. ದೇವರಿಗೆ ನಮ್ಮ ಸೇವೆ ಬೇಕಿಲ್ಲ. ಆತನು ಸೃಷ್ಟಿಸಿದ ಜೀವಿಗಳ ಸೇವೆಯೇ ಆತನ ಸೇವೆ ಎಂಬುದು ಅದರ ತಿರುಳು. ಸೇರಬಂದವನು ಹಣವನ್ನು ಕೊಡಬೇಕಾಗಿರಲಿಲ್ಲ, ಪ್ರತಿಜ್ಞೆ ಮಾಡಬೇಕಾಗಿತ್ತು. ಹಿಂಸೆಯನ್ನೂ ಸೇಡನ್ನೂ ಬಿಡುವುದು, ಪೀಡಿಸಿದವನನ್ನು ಕ್ಷಮಿಸುವುದು, ದಿನಕ್ಕೆ ಎರಡು ಗಂಟೆಯಾದರೂ ಸಮಾಜಕಾರ್ಯ ಮಾಡುವುದು, ಮಾಡಿದ ಸೇವೆಗೆ ಪ್ರತಿಫಲ ಬಯಸದಿರುವುದು ಅದರ ಮುಖ್ಯ ಅಂಶಗಳು. ಬಂದೂಕು ಹಿಡಿದು ಬೆಳೆದವರು ಕಸಬರಿಕೆ ಹಿಡಿದು ಊರ ಬೀದಿ ಗುಡಿಸಿದರು, ಶಿಬಿರಗಳಲ್ಲಿ ನೂಲು ತೆಗೆದರು. ಬಿಳಿಯ ಬಟ್ಟೆ ಬೇಗ ಕೊಳೆಯಾಗುತ್ತದೆಂದು ಅಗ್ಗದ ಬಣ್ಣದಲ್ಲಿ ಅದ್ದಿ ಇಟ್ಟಿಗೆಯ ಕೆಂಪು ಮಾಡಿಕೊಂಡರು. ಅದರಿಂದಲೇ ಕೆಂಪಂಗಿಯವರೆಂಬ ಹೆಸರು ಬಂದಿತು.

ಪ್ರತಿಜ್ಞೆಯ ಪರೀಕ್ಷೆ ಬಹುಬೇಗ ಬಂದಿತು. 1930ರ ಏಪ್ರಿಲ್ 23ರಂದು ಖಾನರನ್ನು ಬಂಧಿಸಲಾಯಿತು. ಅದೇ ದಿನ ಪೇಶಾವರದ ಕಿಸ್ಸಾಖ್ವಾನಿ ಬಜಾರಿನಲ್ಲಿ ಸೇರಿದ್ದ ನಿರಾಯುಧ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಗಢವಾಲಿ ಸೈನಿಕರ ತುಕಡಿಯೊಂದು ಗುಂಡು ಹಾರಿಸಲು ಒಪ್ಪದೆ ಶಿಕ್ಷೆಗೊಳಗಾಯಿತು. ಬಂಧುಗಳನ್ನು ಕಳೆದುಕೊಂಡ ಸೇವಕರ ಮನೆಗಳಲ್ಲಿ ಬಂದೂಕುಗಳಿದ್ದವು. ಸೇಡಿಗೆ ಕಾರಣವೂ ಇತ್ತು. ಆದರೂ ಅವರು ಮಾತಿಗೆ ತಪ್ಪಲಿಲ್ಲ. ಹೇಡಿಗಳೆಂದು ಅವರನ್ನು ಯಾರೂ ಕರೆಯುವಂತಿರಲಿಲ್ಲ. ಕೊಡಲು ಕಾಸಿಲ್ಲದ ರೈತನು ತನ್ನ ಅತ್ಯಮೂಲ್ಯವಾದ ಸೇಡಿನ ಹಕ್ಕನ್ನೇ ದಾನವಾಗಿ ಕೊಟ್ಟಿದ್ದನು. ಸಂಘವು ಕುಗ್ಗುವ ಬದಲು ಸಾವಿರ ಸಾವಿರವಾಗಿ ಬೆಳೆಯಿತು.

ದೇಶವಿಭಜನೆಯನ್ನು ಖಾನರು ಒಪ್ಪಿರಲಿಲ್ಲ. 1947ರ ಬಳಿಕ ಪಾಕಿಸ್ತಾನದ ಸರ್ಕಾರವೂ ಅವರನ್ನು ಮತ್ತೆ ಮತ್ತೆ ಸೆರೆಯಲ್ಲಿಟ್ಟಿತು. ಎರಡೂ ಆಳ್ವಿಕೆಗಳನ್ನು ಕೂಡಿಸಿದರೆ ಸೆರೆಯಲ್ಲಿ ಕಳೆದ ವರ್ಷಗಳು 25ಕ್ಕೂ ಹೆಚ್ಚು. ಗಾಂಧೀಜಿಯವರ ಶತಾಬ್ದಿಗೆಂದು 1969ರಲ್ಲಿ ಭಾರತಕ್ಕೆ ಬಂದಾಗ ಬಟ್ಟೆಯ ಗಂಟೊಂದೇ ಅವರ ಆಸ್ತಿ; ಅದನ್ನೂ ತಾವೇ ಹೊತ್ತರು. ಆಗತಾನೆ ಅಹಮದಾಬಾದಿನಲ್ಲಿ ಮತೀಯ ಗಲಭೆ ನಡೆದಿದ್ದಿತು. ಸುಮಾರು ಎಂಬತ್ತರ ವಯಸ್ಸಿನ ಆ ವೃದ್ಧರು ಮೂರು ದಿನ ಉಪವಾಸವಿದ್ದು, ನೊಂದ ಜನರ ನಡುವೆ ಹೋಗಿ ನಿಂತರು. 1987ರಲ್ಲಿ ಭಾರತ ಸರ್ಕಾರ ಅವರಿಗೆ ಭಾರತರತ್ನವನ್ನಿತ್ತಿತು. 1988ರ ಜನವರಿ 20ರಂದು ಪೇಶಾವರದಲ್ಲಿ ಕಾಲವಾದ ಅವರ ದೇಹವನ್ನು, ಅವರ ಇಚ್ಛೆಯಂತೆ, ಆಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ಮಣ್ಣುಮಾಡಲಾಯಿತು.

ವಿದ್ಯಾರ್ಥಿಗಳಾದ ನಮ್ಮ ಜೇಬು ಸಾಮಾನ್ಯವಾಗಿ ಬರಿದು. ಆ ಕಾರಣದಿಂದ ದಾನವು ಮುಂದೆ ಉದ್ಯೋಗ ದೊರೆತ ಮೇಲಿನ ಮಾತೆಂದು ನಾವು ಸುಮ್ಮನಿದ್ದುಬಿಡುತ್ತೇವೆ. ಗಫಾರ್ ಖಾನರ ಸೇವಕರ ಜೇಬೂ ಬರಿದಾಗಿದ್ದಿತು. ಅವರ ಬಳಿಯಲ್ಲಿದ್ದುದು ದಿನದ ಎರಡು ಗಂಟೆ, ಎರಡು ಕೈ, ಮರೆಯಬಹುದಾದ ಒಂದು ಹಳೆಯ ಜಗಳ. ಇವು ಮೂರೂ ನಮ್ಮಲ್ಲಿಯೂ ಇವೆ.