ಕೆಂಪು ಪೆಟ್ಟಿಗೆಯ ಶಿಲ್ಪಿ

ಲಂಡನ್ ನಗರದ ಚಿತ್ರಪಟಗಳಲ್ಲಿ ಕೆಂಪು ಟೆಲಿಫೋನ್ ಪೆಟ್ಟಿಗೆಯನ್ನು ಕಾಣದವರು ವಿರಳ. ಆದರೆ ಅದನ್ನು ರೂಪಿಸಿದವರು ಸರ್ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಎಂಬ ಕಥೋಲಿಕ ವಾಸ್ತುಶಿಲ್ಪಿ ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು.

ಜೈಲ್ಸ್ ಜನಿಸಿದ್ದು 1880ರ ನವೆಂಬರ್ 9ರಂದು, ಲಂಡನ್ನಿನಲ್ಲಿ. ಅಜ್ಜ, ತಂದೆ ಇಬ್ಬರೂ ಹೆಸರಾಂತ ವಾಸ್ತುಶಿಲ್ಪಿಗಳು. ಆ ವರ್ಷವೇ ತಂದೆ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಆದರೆ ಕೆಲವೇ ವರ್ಷಗಳಲ್ಲಿ ಅವರ ಚಿತ್ತಸ್ವಾಸ್ಥ್ಯ ಕೆಟ್ಟಿತು. 1897ರಲ್ಲಿ ಅವರು ತೀರಿಕೊಂಡರು. ಮಗನಿಗೆ ತಂದೆಯ ಸಾನ್ನಿಧ್ಯ ದೊರೆತದ್ದು ಅತ್ಯಲ್ಪ. ತಾಯಿಯೇ ಮಕ್ಕಳನ್ನು ಸೈಕಲ್ಲಿನಲ್ಲಿ ಹಳೆಯ ದೇವಾಲಯಗಳಿಗೆ ಕರೆದೊಯ್ದು ನೋಡುವ ಕಣ್ಣನ್ನು ಕೊಟ್ಟರು. ಶಾಲಾ ಶಿಕ್ಷಣ ನಡೆದದ್ದು ಯೇಸುಸಭೆಯ ಗುರುಗಳ ಬೋಮಾಂಟ್ ವಿದ್ಯಾಲಯದಲ್ಲಿ.

1903ರಲ್ಲಿ ಲಿವರ್‌ಪೂಲಿನ ಆಂಗ್ಲಿಕನ್ ಪ್ರಧಾನಾಲಯಕ್ಕಾಗಿ ನಡೆದ ಸ್ಪರ್ಧೆಯಲ್ಲಿ ಅವರ ನಕ್ಷೆ ಗೆದ್ದಿತು. ವಯಸ್ಸು 22; ಹೇಳಿಕೊಳ್ಳುವಂಥ ಒಂದು ಕಟ್ಟಡವನ್ನೂ ಆವರೆಗೆ ಕಟ್ಟಿಸಿದವರಲ್ಲ. ಗೆದ್ದವನು ಕಥೋಲಿಕನೆಂದು ತಿಳಿದಾಗ ಆಕ್ಷೇಪಗಳೆದ್ದವು. ಹಿರಿಯ ಶಿಲ್ಪಿ ಬೋಡ್ಲಿಯವರನ್ನು ಜೊತೆಗಾರರನ್ನಾಗಿ ನೇಮಿಸಲಾಯಿತು. ಅವರು 1907ರಲ್ಲಿ ನಿಧನರಾದ ಮೇಲೆ ಹೊಣೆಯೆಲ್ಲ ಜೈಲ್ಸರದಾಯಿತು. 1910ರಲ್ಲಿ ಅವರು ಗೆದ್ದ ನಕ್ಷೆಯನ್ನೇ ಬದಿಗಿರಿಸಿ, ಎರಡು ಗೋಪುರಗಳ ಬದಲು ನಡುವೆ ಒಂದೇ ಮಹಾಗೋಪುರವನ್ನು ಯೋಜಿಸಿದರು. ತಮ್ಮ ಗೆಲುವನ್ನು ತಾವೇ ತಿದ್ದುವ ಈ ಧೈರ್ಯ ನಮಗೆ ಗೆಲುವಿಗಿಂತಲೂ ದೊಡ್ಡದಾಗಿ ಕಾಣುತ್ತದೆ. 1924ರಲ್ಲಿ ಆಲಯದ ಪ್ರತಿಷ್ಠೆಯಾಯಿತು. ಅವರಿಗೆ ಸರ್ ಪದವಿಯೂ ಬಂದಿತು.

ಟೆಲಿಫೋನ್ ಪೆಟ್ಟಿಗೆಯ ಸ್ಪರ್ಧೆ ನಡೆದುದೂ ಅದೇ ವರ್ಷ. ಪೆಟ್ಟಿಗೆಯ ಗುಮ್ಮಟ ಲಂಡನ್ನಿನಲ್ಲಿರುವ ಸರ್ ಜಾನ್ ಸೋನ್ ಅವರ ಸಮಾಧಿಯನ್ನು ಹೋಲುತ್ತದೆಂದು ಬಲ್ಲವರು ಗುರುತಿಸಿದ್ದಾರೆ. ಸ್ಕಾಟರು ಬಯಸಿದ್ದು ಉಕ್ಕಿನ ಪೆಟ್ಟಿಗೆ, ಹೊರಗೆ ಬೆಳ್ಳಿಯ ಬಣ್ಣ. ಅಂಚೆ ಇಲಾಖೆ ಎರಕದ ಕಬ್ಬಿಣವನ್ನೂ ಕೆಂಪನ್ನೂ ಆರಿಸಿತು. ಅರಿಸ್ಟಾಟಲನ ಮಾತಿನಲ್ಲಿ ಹೇಳುವುದಾದರೆ ರೂಪ ಶಿಲ್ಪಿಯದು, ದ್ರವ್ಯ ಸರ್ಕಾರದ್ದು! 1926ರಿಂದ ಅದು ಲಂಡನ್ನಿನ ಬೀದಿಗಳಲ್ಲಿ ಕಾಣಿಸಿಕೊಂಡಿತು. ರಾಜ ಐದನೆಯ ಜಾರ್ಜರ ರಜತೋತ್ಸವಕ್ಕಾಗಿ 1935ರಲ್ಲಿ ಅವರೇ ರಚಿಸಿದ ಚಿಕ್ಕ ಮಾದರಿ ಸುಮಾರು 60,000 ಸಂಖ್ಯೆಯಲ್ಲಿ ಹಳ್ಳಿಹಳ್ಳಿಗೂ ತಲುಪಿತು. ಕಲಾವಿದರೂ ಅದನ್ನು ಬಿಡಲಿಲ್ಲ. 1972ರಲ್ಲಿ ಗಾಯಕ ಡೇವಿಡ್ ಬೋವಿಯವರ ಧ್ವನಿಮುದ್ರಿಕೆಯ ಹೊದಿಕೆಗೆ ಅದು ಬಂದಿತು. 1989ರಲ್ಲಿ ಡೇವಿಡ್ ಮ್ಯಾಕ್ ಎಂಬ ಶಿಲ್ಪಿ ಕಿಂಗ್‌ಸ್ಟನ್ ಪಟ್ಟಣದಲ್ಲಿ ಹನ್ನೆರಡು ಪೆಟ್ಟಿಗೆಗಳನ್ನು ಸಾಲಾಗಿ ಒಂದರ ಮೇಲೊಂದು ಒರಗಿಸಿದರು. ಈಗ ಕೆಲವು ಪೆಟ್ಟಿಗೆಗಳು ಪುಟ್ಟ ಗ್ರಂಥಾಲಯಗಳಾಗಿವೆ, ಕೆಲವು ಹೃದಯಸ್ತಂಭನದ ತುರ್ತು ಯಂತ್ರಗಳಿಗೆ ಆಶ್ರಯವಾಗಿವೆ.

ಸ್ಕಾಟರು 1960ರ ಫೆಬ್ರುವರಿಯಲ್ಲಿ ನಿಧನರಾದರು. ಪ್ರಧಾನಾಲಯ ಆಗಲೂ ಅಪೂರ್ಣವಾಗಿತ್ತು, ಮುಗಿದದ್ದು 1978ರಲ್ಲಿ. ಅದೇ ನಗರದ ಕಥೋಲಿಕ ಪ್ರಧಾನಾಲಯವನ್ನು ರೂಪಿಸಿದ ಗಿಬರ್ಡರು ಕಥೋಲಿಕರಲ್ಲ. ಎರಡೂ ಆಲಯಗಳನ್ನು ಕೂಡಿಸುವ ಬೀದಿಯ ಹೆಸರು ಹೋಪ್ ಸ್ಟ್ರೀಟ್, ಅಂದರೆ ಭರವಸೆಯ ಬೀದಿ. ಸ್ಕಾಟರ ಸಮಾಧಿ ತಾವು ಕಟ್ಟಿದ ಆಲಯದ ಪಶ್ಚಿಮ ಬಾಗಿಲ ಹೊರಗಿದೆ, ಪತ್ನಿಯ ಪಕ್ಕದಲ್ಲಿ. ಒಳಗೆ, ಆ ಎತ್ತರದ ಕಲ್ಲಿನ ಕಮಾನುಗಳಡಿ, ಅವರ ಕೆಂಪು ಪೆಟ್ಟಿಗೆಯೊಂದನ್ನು ಇರಿಸಲಾಗಿದೆ.