ಕಾರಿಗೆಂದು ಹುಟ್ಟಿ ಮನೆ ಬೆಳಗಿದ ಬ್ಯಾಟರಿ

ಥಾಮಸ್ ಆಲ್ವ ಎಡಿಸನ್ ಎಂದೊಡನೆ ನೆನಪಾಗುವುದು ಬಲ್ಬು. ಆದರೆ ಬಲ್ಬಿಗಿಂತ ಹೆಚ್ಚು ವರ್ಷ ಆತ ಬೆವರು ಸುರಿಸಿದ್ದು ಬ್ಯಾಟರಿಗಾಗಿ. ಡಿಸೆಂಬರ್ ಬಂತೆಂದರೆ ಚೆನ್ನೈನಲ್ಲಿರುವ ನಮಗೂ ಅದರದೇ ಚಿಂತೆ. 2016ರ ವಾರ್ದಾ, 2023ರ ಮಿಚಾಂಗ್ ಚಂಡಮಾರುತಗಳಲ್ಲಿ ಹಲವು ಬಡಾವಣೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಪಾರ್ಕಿಂಗ್ ಮೂಲೆಯಲ್ಲಿ ಬಿದ್ದಿರುವ ಹಳೆಯ ಕಾರ್ ಬ್ಯಾಟರಿಯಿಂದ ಮನೆಯ ಫ್ಯಾನ್ ತಿರುಗಿಸಬಹುದೇ ಎಂದು ಆಗ ಅನ್ನಿಸುವುದು ಸಹಜ. ಎಡಿಸನ್‌ನ ಬದುಕನ್ನು ಓದಿದರೆ ಇದಕ್ಕೆ ಒಂದಷ್ಟು ಉತ್ತರ ಸಿಗುತ್ತದೆ.

ಆತ ಹುಟ್ಟಿದ್ದು 1847ರ ಫೆಬ್ರುವರಿ 11ರಂದು, ಅಮೆರಿಕದ ಓಹಾಯೊ ರಾಜ್ಯದ ಮಿಲಾನ್ ಎಂಬ ಸಣ್ಣ ಊರಿನಲ್ಲಿ. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಅಕ್ಷರ ಕಲಿಸಿದವಳು ತಾಯಿ. ಕಿವಿ ಮಂದ. ಹುಡುಗನಾಗಿದ್ದಾಗ ರೈಲಿನಲ್ಲಿ ಪೇಪರ್ ಮಾರಿದ, ಆಮೇಲೆ ಟೆಲಿಗ್ರಾಫ್ ಆಪರೇಟರ್ ಆದ. ಲೂಯಿವಿಲ್‌ನಲ್ಲಿ ರಾತ್ರಿ ಪಾಳಿಯಲ್ಲಿ ಬ್ಯಾಟರಿ ಪ್ರಯೋಗ ಮಾಡುತ್ತಿದ್ದಾಗ ಚೆಲ್ಲಿದ ಆಮ್ಲ ಹಲಗೆಯ ಸಂದಿಯಿಂದ ಕೆಳಗಿಳಿದು ಸಾಹೇಬರ ಮೇಜಿನ ಮೇಲೆ ಬಿದ್ದು, ಮರುದಿನವೇ ಕೆಲಸ ಹೋಯಿತೆಂಬ ಕಥೆ ಪ್ರಸಿದ್ಧ.

1879ರಲ್ಲಿ ಬಲ್ಬು ಉರಿಯಿತು. 1882ರಲ್ಲಿ ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ಶುರುವಾಯಿತು. 1892ರಲ್ಲಿ ಆತನ ಕಂಪನಿ ಇನ್ನೊಂದರ ಜೊತೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. ಹತ್ತು ವರ್ಷದ ನಂತರ, 1902ರಲ್ಲಿ, ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಹರಿಸಿದ್ದು ಅದೇ ಕಂಪನಿಯ ಯಂತ್ರಗಳು. ಅಲ್ಲಿ ಹರಿದದ್ದು ಮಾತ್ರ ಎಡಿಸನ್ ಹಟಹಿಡಿದು ವಿರೋಧಿಸಿದ್ದ ಎಸಿ ಕರೆಂಟ್!

ಕಬ್ಬಿಣದ ಅದಿರಿನ ವ್ಯವಹಾರದಲ್ಲಿ ಕೈಸುಟ್ಟುಕೊಂಡ ಮೇಲೆ, ಐವತ್ತರ ಆಸುಪಾಸಿನಲ್ಲಿ, ಆತ ಬ್ಯಾಟರಿಗೆ ಕೈಹಾಕಿದ. ಆಗ ರಸ್ತೆಯಲ್ಲಿ ಎಲೆಕ್ಟ್ರಿಕ್ ಕಾರುಗಳೂ ಓಡುತ್ತಿದ್ದವು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದಿದ್ದ ಸೀಸ ಮತ್ತು ಆಮ್ಲದ ಬ್ಯಾಟರಿ ಭಾರ, ಬಾಳಿಕೆಯೂ ಕಡಿಮೆ. ಎಡಿಸನ್ ಅದರ ಬದಲು ನಿಕಲ್, ಕಬ್ಬಿಣ ಮತ್ತು ಕ್ಷಾರದ ದ್ರಾವಣ ಹಿಡಿದುಕೊಂಡ. 1903ರ ಹೊತ್ತಿಗೆ ಮಾರಾಟಕ್ಕೆ ಬಂದ ಮೊದಲ ಬ್ಯಾಟರಿಗಳು ಸೋರತೊಡಗಿದವು, ಶಕ್ತಿಯೂ ಕುಂದಿತು. ಆತ ತಯಾರಿಕೆ ನಿಲ್ಲಿಸಿ, ಮತ್ತೆ ಪ್ರಯೋಗಶಾಲೆಗೆ ಹೋದ. 1909ರಲ್ಲಿ ಹೊರಬಂದ ಹೊಸದು ಗಟ್ಟಿಮುಟ್ಟಾಗಿತ್ತು.

ಅಷ್ಟರಲ್ಲಿ ಕಾಲ ಮುಂದೆ ಹೋಗಿತ್ತು. 1908ರಲ್ಲಿ ಆತನ ಗೆಳೆಯ ಹೆನ್ರಿ ಫೋರ್ಡ್ ಮಾಡೆಲ್ ಟಿ ತಂದಿದ್ದ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು. ಸ್ಟಾರ್ಟರ್‌ಗೆ ಬೇಕಾದದ್ದು ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಕೊಡುವ ಬ್ಯಾಟರಿ. ಅದಕ್ಕೆ ಸೀಸದ್ದೇ ಸರಿ. ಎಡಿಸನ್‌ನದು ನಿಧಾನವಾಗಿ, ದೀರ್ಘಕಾಲ ಕೊಡುವ ಜಾತಿ. ಚಳಿಯಲ್ಲಿ ಇನ್ನೂ ಮಂದ. ಹೀಗೆ ಕಾರಿಗೆಂದು ಹುಟ್ಟಿದ ಬ್ಯಾಟರಿ ರೈಲ್ವೆ ಸಿಗ್ನಲ್, ಗಣಿ ಕಾರ್ಮಿಕರ ದೀಪ, ವಿದ್ಯುತ್ ತಂತಿ ತಲುಪದ ಹಳ್ಳಿಮನೆಗಳ ಪಾಲಾಯಿತು. 1912ರಲ್ಲಿ ಎಡಿಸನ್ ವೆಸ್ಟ್ ಆರೆಂಜ್‌ನಲ್ಲಿ ಹೊರಗಿನ ಕರೆಂಟ್ ಇಲ್ಲದೆ ನಡೆಯುವ ಮನೆಯೊಂದನ್ನು ಜನರಿಗೆ ತೋರಿಸಿದ. ಪೆಟ್ರೋಲ್ ಎಂಜಿನ್‌ನಿಂದ ಚಾರ್ಜ್ ಆಗುವ ಬ್ಯಾಟರಿಗಳ ಸಾಲು ನೆಲಮಾಳಿಗೆಯಲ್ಲಿತ್ತು. ನಮ್ಮ ಊರುಗಳಲ್ಲಿ ಟ್ರ್ಯಾಕ್ಟರ್ ಬ್ಯಾಟರಿಗೆ ವೈರ್ ಸಿಕ್ಕಿಸಿ ಬ್ಲ್ಯಾಕ್ ಅಂಡ್ ವೈಟ್ ಟಿವಿ ನೋಡಿದ್ದು ಇದರ ಬಡ ಸೋದರ ಎನ್ನಬಹುದು.

ಈಗ ನಮ್ಮ ಹಳೆಯ ಬ್ಯಾಟರಿಗೆ ಬರೋಣ. ಕಾರ್ ಬ್ಯಾಟರಿಯ ಸೀಸದ ತಟ್ಟೆಗಳು ತೆಳು. ಸ್ಟಾರ್ಟರ್‌ಗೆ ಹೇಳಿ ಮಾಡಿಸಿದ್ದು. ಪೂರ್ತಿ ಖಾಲಿ ಮಾಡಿದರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬೇಗ ಸಾಯುತ್ತದೆ. ಇನ್ವರ್ಟರ್‌ಗೆ ಟ್ಯೂಬ್ಯುಲರ್ ಬ್ಯಾಟರಿ ಬೇರೆಯೇ ಇರುವುದು ಅದಕ್ಕೇ. 12 ವೋಲ್ಟ್, 35 ಆಂಪಿಯರ್ ಅವರ್‌ನ ಹೊಸ ಬ್ಯಾಟರಿಯಲ್ಲಿ 420 ವ್ಯಾಟ್ ಅವರ್ ಇರುತ್ತದೆ. ಹಳೆಯದಾಗಿ ಅರ್ಧಕ್ಕಿಳಿದಿದೆ, ಅದರಲ್ಲೂ ಅರ್ಧವನ್ನೇ ಬಳಸುತ್ತೇವೆ ಎನ್ನಿ, ಉಳಿಯುವುದು ಸುಮಾರು 105. ಒಂದು 28 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್, ಒಂದು 9 ವ್ಯಾಟ್‌ನ ಎಲ್‌ಇಡಿ ಬಲ್ಬು, ಎರಡೂವರೆ ತಾಸು. ಮಗು ನಿದ್ದೆ ಹೋಗಲು ಅಷ್ಟು ಸಾಕು. ಫ್ರಿಜ್‌ನ ಆಸೆ ಬಿಡಬೇಕು.

ಇನ್ನೊಂದು ಪಾಠ ಕಹಿಯಾದದ್ದು. 1916ರ ಜನವರಿಯಲ್ಲಿ ಬ್ರೂಕ್ಲಿನ್ ನೌಕಾನೆಲೆಯಲ್ಲಿ ಇ-2 ಎಂಬ ಸಬ್‌ಮರೀನ್ ಸ್ಫೋಟಗೊಂಡು ಜನ ಸತ್ತರು. ಅದರಲ್ಲಿದ್ದದ್ದು ಎಡಿಸನ್ ಬ್ಯಾಟರಿಗಳು. ಬ್ಯಾಟರಿ ಬಿಟ್ಟ ಹೈಡ್ರೋಜನ್ ಮುಚ್ಚಿದ ಜಾಗದಲ್ಲಿ ತುಂಬಿಕೊಂಡಿತ್ತು. ಸೀಸದ ಬ್ಯಾಟರಿಯೂ ಚಾರ್ಜ್ ಆಗುವಾಗ ಇದೇ ಅನಿಲ ಬಿಡುತ್ತದೆ. ಆದ್ದರಿಂದ ಮಲಗುವ ಕೋಣೆಯಲ್ಲಿ, ದೇವರ ದೀಪದ ಪಕ್ಕದಲ್ಲಿ, ಮುಚ್ಚಿದ ಕಪಾಟಿನಲ್ಲಿ ಅದು ಬೇಡ. ಗಾಳಿಯಾಡುವ, ಮಳೆ ಬೀಳದ, ಮಕ್ಕಳ ಕೈಗೆ ಸಿಗದ ಬಾಲ್ಕನಿ ಮೂಲೆ ಸಾಕು. ಪ್ಲಸ್ ತಂತಿಗೆ ಫ್ಯೂಸ್ ಇರಲೇಬೇಕು. ಉಬ್ಬಿದ, ಸೋರುವ ಬ್ಯಾಟರಿಯ ಗೊಡವೆಯೇ ಬೇಡ.

ಪೂರ್ತಿ ಸತ್ತ ಬ್ಯಾಟರಿಯನ್ನು ಡೀಲರ್‌ಗೆ ವಾಪಸ್ ಕೊಡಿ. ಹಳೆಯದನ್ನು ವಾಪಸ್ ಪಡೆಯುವ ಹೊಣೆಯನ್ನು 2001ರ ನಿಯಮಗಳು ಅವರ ಮೇಲೆ ಹೊರಿಸಿದ್ದವು. 2022ರ ಹೊಸ ನಿಯಮ ತಯಾರಕರನ್ನು ಇನ್ನಷ್ಟು ಬಿಗಿಗೊಳಿಸಿದೆ. ಬೀದಿಬದಿ ಒಡೆದು ಸೀಸ ಕರಗಿಸಿದರೆ ಅದರ ವಿಷ ಸೇರುವುದು ಅಲ್ಲಿ ಕೆಲಸ ಮಾಡುವವರ, ಅವರ ಮಕ್ಕಳ ರಕ್ತಕ್ಕೆ.

ಎಡಿಸನ್ ತೀರಿಕೊಂಡದ್ದು 1931ರ ಅಕ್ಟೋಬರ್ 18ರಂದು, 84ನೇ ವಯಸ್ಸಿನಲ್ಲಿ. ಕಾರನ್ನು ಗೆಲ್ಲದ ಆತನ ಬ್ಯಾಟರಿ ಆತ ಹೋದ ಮೇಲೂ ದಶಕಗಳ ಕಾಲ ಕೆಲಸ ಮಾಡಿತು, ತನಗೆ ಒಗ್ಗುವ ಕೆಲಸ ಸಿಕ್ಕಿದ್ದರಿಂದ. ಹಳೆಯ ಬ್ಯಾಟರಿಯನ್ನು ಮನೆಗೆ ತರುವ ಮುನ್ನ ನಾವು ನೋಡಬೇಕಾದದ್ದೂ ಅದನ್ನೇ: ಅದಕ್ಕೆ ಹೊರಲಾಗುವಷ್ಟೇ ಭಾರ ಹೊರಿಸುತ್ತಿದ್ದೇವೆಯೇ?